ಅರ್ಧ ಬೇಳೆ ಶೇಂಗಾ

ಇಂದು ಪದವಿ ಪಡೆಯುತ್ತಿರುವ ಯುವ ವೈದ್ಯರೇ, ಹಿಂದಿನ ಸಾಲಿನಲ್ಲಿ ಕೂತ ಅವರ ಅಪ್ಪ ಅಮ್ಮಂದಿರೇ,

ನನ್ನ ನೌಕರಿಯ ಬಹುಕಾಲ ಕಳೆದದ್ದು ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ. ಅಲ್ಲಿ ಮಳೆ ಕಡಿಮೆ, ಶೇಂಗಾ ಹೆಚ್ಚು. ಚಳ್ಳಕೆರೆಯ ಎಣ್ಣೆ ಗಿರಣಿಗಳು ಬದುಕಿದ್ದೇ ಅದರ ಮೇಲೆ. ಮುಂಗಾರಿನಲ್ಲಿ ಬಿತ್ತಿದ ಬೆಳೆ ಅಕ್ಟೋಬರ್, ನವೆಂಬರ್ ಹೊತ್ತಿಗೆ ಕೈಗೆ ಬರುತ್ತದೆ. ಕಣದಲ್ಲಿ ಹೆಂಗಸರು ಕಾಯಿ ಬಿಡಿಸುತ್ತ ಕೂತಾಗ ರಚ್ಚೆ ಹಿಡಿದ ಮಗುವಿನ ಕೈಗೂ ನಾಲ್ಕು ಬೀಜ ಬೀಳುತ್ತವೆ. ಬಾಯಲ್ಲಿ ಬೀಜ ಇರುವಾಗ ಮಗು ನಕ್ಕು ಉಸಿರೆಳೆದುಕೊಂಡರೆ ಮುಗಿಯಿತು. ಕೆಮ್ಮು ಬಂದರೆ ಅಜ್ಜಿ ನೆತ್ತಿ ತಟ್ಟುತ್ತಾಳೆ: "ಯಾರೋ ನೆನೆಸ್ಕಂಡ್ರು ಕಣವ್ವ."

ಸ್ವಲ್ಪ ಹೊತ್ತಿಗೆ ಕೆಮ್ಮು ನಿಲ್ಲುತ್ತದೆ. ಎಲ್ಲರೂ ಮೋಸ ಹೋಗುವುದು ಅಲ್ಲೇ. ಬೀಜ ಶ್ವಾಸನಾಳ ಇಳಿದು ಕವಲಿನಲ್ಲಿ, ಹೆಚ್ಚಾಗಿ ಬಲಗಡೆ, ಕೂತಿರುತ್ತದೆ. ಪಸೆ ಕುಡಿದು ಉಬ್ಬುತ್ತದೆ, ಅದರ ಎಣ್ಣೆ ಸುತ್ತಲಿನ ಪೊರೆಯನ್ನು ಕೆರಳಿಸುತ್ತದೆ. ನಾಣ್ಯವಾದರೆ ಎಕ್ಸ್‌ರೇಯಲ್ಲಿ ಕಾಣುತ್ತದೆ, ಶೇಂಗಾ ಕಾಣುವುದಿಲ್ಲ. ಜ್ವರ, ಗೊರಗೊರ ಶುರುವಾಗಿ ಮಗು ನಮ್ಮ ಬಳಿ ಬರುವ ಹೊತ್ತಿಗೆ ಕಣದ ಆ ಕೆಮ್ಮನ್ನು ಮನೆಯವರು ಮರೆತಿರುತ್ತಾರೆ.

ಎರಡು ವರ್ಷದ ಒಬ್ಬ ಹುಡುಗನಿಗೆ ಮೂರು ವಾರ ಉಬ್ಬಸದ ಔಷಧಿ ಕೊಟ್ಟವನು ನಾನೇ. ನೆಬ್ಯುಲೈಸರ್ ಹಿಡಿಸಿದೆ, ಸಿರಪ್ ಬದಲಾಯಿಸಿದೆ. ಗೊರಗುಟ್ಟುತ್ತಿದ್ದದ್ದು ಒಂದೇ ಮಗ್ಗುಲು. ಅದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಕೊನೆಗೆ ಬೆಂಗಳೂರಿಗೆ ಕಳಿಸಿದೆ. ಅಲ್ಲಿನ ಮಕ್ಕಳ ಶ್ವಾಸಕೋಶ ತಜ್ಞರು ಬ್ರಾಂಕೋಸ್ಕೋಪ್ ಇಳಿಸಿ ತೆಗೆದದ್ದು ಅರ್ಧ ಬೇಳೆ ಶೇಂಗಾ. ಊರಿಗೆ ಮರಳಿದ ತಾಯಿ ಹೇಳಿದಳು: "ಕಣದಾಗೆ ನೆತ್ತಿಗತ್ತಿತ್ತು ಸಾರ್. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ಬ್ರಾಂಕೋಸ್ಕೋಪ್ ಇಳಿಸಿ ತೆಗೆಯುವ ಈ ವಿದ್ಯೆ ಹೊಸದೇನಲ್ಲ. ಜರ್ಮನಿಯ ಫ್ರೈಬರ್ಗ್‌ನಲ್ಲಿ ಗುಸ್ತಾವ್ ಕಿಲಿಯನ್ 1897ರಲ್ಲೇ ಒಬ್ಬ ರೈತನ ಶ್ವಾಸನಾಳದಿಂದ ಮೂಳೆ ಚೂರು ತೆಗೆದಿದ್ದರು. ಆದರೆ ಪುಟ್ಟ ಮಗುವಿಗೆ ಅರಿವಳಿಕೆ ಕೊಟ್ಟು ಅದನ್ನು ಮಾಡುವ ಪಳಗಿದ ಕೈ ಪ್ರತಿ ತಾಲ್ಲೂಕಿಗೂ ಬೇಗ ಬಂದೀತೆಂಬ ನಂಬಿಕೆ ನನಗಿಲ್ಲ. ಚಳ್ಳಕೆರೆಯಿಂದ ಬೆಂಗಳೂರು ಸುಮಾರು 200 ಕಿಲೋಮೀಟರ್, ಮೊಳಕಾಲ್ಮೂರಿನಿಂದ ಇನ್ನೂ ದೂರ. ಮಗು ಆ ದಾರಿ ಹಿಡಿಯುವುದು ಮೊದಲ ದಿನವೋ ಇಪ್ಪತ್ತೊಂದನೆಯ ದಿನವೋ ಎಂಬುದು ಮಾತ್ರ ನಿಮ್ಮ ಕೈಯಲ್ಲಿದೆ.

ಹಿಂದೆ ಕೂತ ತಾಯಂದಿರಿಗೊಂದು ಮಾತು: ಐದು ವರ್ಷ ತುಂಬುವ ತನಕ ಮಗುವಿಗೆ ಇಡೀ ಬೀಜ ಬೇಡ. ಚಟ್ನಿಪುಡಿ ಕುಟ್ಟಿ, ರೊಟ್ಟಿಗೆ ಸವರಿ ಕೊಡಿ.

ವೈದ್ಯರೇ, ಸುತ್ತಿಕೊಂಡು ಬಂದ ಕಂಬಳಿ ಸರಿಸಿ, ಮಗುವಿನ ಎದೆ ನೋಡುತ್ತ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಒಂದರಿಂದ ಐದು ವರ್ಷದ ಮಗುವಿಗೆ 40, ಎರಡು ತಿಂಗಳು ದಾಟಿದ ಕೂಸಿಗೆ 50 ಮುಟ್ಟಿದರೆ ಅದು ಬರೀ ನೆಗಡಿಯಲ್ಲ. ಪಕ್ಕೆ ಒಳಗೆ ಸೆಳೆಯುತ್ತಿದ್ದರೆ ತಡಮಾಡಬೇಡಿ. ತಿನ್ನುವಾಗ ನೆತ್ತಿಗೆ ಹತ್ತಿತ್ತೇ ಎಂದು ಅಮ್ಮನನ್ನೂ ಅಜ್ಜಿಯನ್ನೂ ಬೇರೆ ಬೇರೆ ಕೇಳಿ. ದೊಡ್ಡಾಸ್ಪತ್ರೆಗೆ ಕೊಡುವ ಚೀಟಿಯ ಮೊದಲ ಸಾಲಲ್ಲೇ ಅದನ್ನು ಬರೆಯಿರಿ. ಆ ಹುಡುಗನ ಚೀಟಿಯಲ್ಲಿ ನಾನು ಬರೆದದ್ದು "ಉಬ್ಬಸ, ಔಷಧಿಗೆ ಬಗ್ಗುತ್ತಿಲ್ಲ" ಎಂದು.