ಬೆಟ್ಟದ ಸೇಬು, ಹಿತ್ತಲ ಹಲಸು

ತುಮಕೂರಿನಿಂದ ದೇವರಾಯನದುರ್ಗದ ಬೆಟ್ಟ ಏರಿದವರಿಗೆ ಮೊದಲು ತಾಗುವುದು ಅಲ್ಲಿಯ ತಂಗಾಳಿ. ಮೈಸೂರಿನ ಚಿಕ್ಕದೇವರಾಜ ಒಡೆಯರ ಹೆಸರು ಹೊತ್ತ ಈ ದುರ್ಗ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿದೆ. ಇಲ್ಲೊಂದು ಹಂಚಿನ ಮನೆ, ಅದರ ಸುತ್ತ ಸೇಬಿನ ತೋಟ ಇದ್ದರೆ ಎಷ್ಟು ಚೆನ್ನ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಮನುಷ್ಯರಿಗೆ ಹಿತವಾದ ತಂಪು ಸೇಬಿಗೆ ಸಾಲದು.

ಸೇಬಿನ ಮರ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಹೋಗುತ್ತದೆ. ಆ ನಿದ್ದೆ ಪೂರ್ತಿಯಾಗಲು ಹೆಸರಾಂತ ತಳಿಗಳಿಗೆ 7 ಡಿಗ್ರಿಗಿಂತ ಕಡಿಮೆ ಉಷ್ಣತೆಯ ಚಳಿ ಒಟ್ಟು ಸಾವಿರ ಗಂಟೆಗಳಷ್ಟು ಬೇಕು. ಇಲ್ಲವಾದರೆ ಮೊಗ್ಗುಗಳು ಹೊಂದಿಕೆಯಿಲ್ಲದೆ ಅಲ್ಲೊಂದು ಇಲ್ಲೊಂದು ಒಡೆದು, ಫಸಲು ಕೈಕೊಡುತ್ತದೆ. ಸಾವಿರ ಮೀಟರ್ ಏರಿದರೆ ಉಷ್ಣತೆ ಇಳಿಯುವುದು ಸುಮಾರು 6 ಡಿಗ್ರಿ ಮಾತ್ರ. ತುಮಕೂರಿಗಿಂತ ದುರ್ಗಕ್ಕೆ ದಕ್ಕುವ ಹೆಚ್ಚಿನ ತಂಪು ಎರಡು ಡಿಗ್ರಿಯ ಆಸುಪಾಸು ಅಷ್ಟೆ.

ಹಾಗೆಂದು ಈ ಸೀಮೆಗೆ ಸೇಬು ಹೊಸದೇನಲ್ಲ. 1800ರಲ್ಲಿ ಬೆಂಗಳೂರಿಗೆ ಬಂದಿದ್ದ ಫ್ರಾನ್ಸಿಸ್ ಬುಕಾನನ್, ಅಲ್ಲಿ ಸೇಬಿನ ಮರಗಳು ಹಣ್ಣು ಬಿಡುತ್ತಿದ್ದುದನ್ನು ದಾಖಲಿಸಿದ್ದಾನೆ. ಮುಂದೆ ಬೆಂಗಳೂರಿನ ಬಂಗಲೆಗಳ ತೋಟಗಳಲ್ಲೂ ಸೇಬು ಬೆಳೆಯಿತು. ಆದರೆ ಅದು ಕಾಂಪೌಂಡು ದಾಟಿ ನಾಡಿನ ಬೆಳೆಯಾಗಲಿಲ್ಲ. ಊರು ಬೆಳೆದು ತೋಟಗಳು ನಿವೇಶನಗಳಾದಾಗ ಸೇಬೂ ಮರೆಯಾಯಿತು.

ಕಾಂಪೌಂಡು ದಾಟಿದ ಸೇಬಿನ ಕಥೆ ಹಿಮಾಚಲದ್ದು. ಅಮೆರಿಕದ ಫಿಲಡೆಲ್ಫಿಯಾದ ಸಿರಿವಂತ ಮನೆಯ ಸ್ಯಾಮ್ಯುಯೆಲ್ ಸ್ಟೋಕ್ಸ್ 1904ರಲ್ಲಿ ಕುಷ್ಠರೋಗಿಗಳ ಸೇವೆಗೆಂದು ಭಾರತಕ್ಕೆ ಬಂದವರು. 1912ರಲ್ಲಿ ಇಲ್ಲಿಯ ಹೆಣ್ಣುಮಗಳನ್ನೇ ಮದುವೆಯಾಗಿ, ಶಿಮ್ಲಾ ಬೆಟ್ಟಗಳ ಕೋಟಗಢದಲ್ಲಿ ಮನೆ ಮಾಡಿದರು. ಆ ಮನೆಯ ಹೆಸರು ಹಾರ್ಮನಿ ಹಾಲ್. ಬ್ರಿಟಿಷರು ತಂದಿದ್ದ ಹುಳಿ ಸೇಬು ಜನರಿಗೆ ರುಚಿಸಿರಲಿಲ್ಲ. ಸ್ಟೋಕ್ಸ್ 1916ರಲ್ಲಿ ಸಿಹಿಯಾದ ‘ಡೆಲಿಷಸ್’ ತಳಿಯ ಗಿಡಗಳನ್ನು ಅಮೆರಿಕದಿಂದ ತರಿಸಿ ನೆಟ್ಟರು, ನೆರೆಹೊರೆಯವರಿಂದಲೂ ನೆಡಿಸಿದರು. ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡು, ಸತ್ಯಾನಂದರಾಗಿ ಹೆಸರು ಬದಲಿಸಿಕೊಂಡು, 1946ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಒಂದು ಸಂಸಾರದ ತೋಟ ಒಂದು ಸೀಮೆಯ ಜೀವನಾಧಾರವಾಗುವ ಹಾದಿ ಹಿಡಿದಿತ್ತು.

ಈಗ ಕಡಿಮೆ ಚಳಿ ಸಾಕೆನ್ನುವ ತಳಿಗಳು ಬಂದಿವೆ. ಹಿಮಾಚಲದ ಬಿಲಾಸಪುರದ ರೈತ ಹರಿಮಾನ್ ಶರ್ಮಾ ಗುರುತಿಸಿದ ‘ಎಚ್‌ಆರ್‌ಎಂಎನ್-99’ ಅಂಥದ್ದು. ಬಯಲುಸೀಮೆಯ ರೈತರೂ ಸೇಬಿನತ್ತ ಕಣ್ಣು ಹಾಯಿಸಿದ್ದಾರೆ. ಪ್ರಯತ್ನ ತಪ್ಪಲ್ಲ. ಆದರೆ ಕಾಂಪೌಂಡು ದಾಟುವ ಮರವೊಂದು ತುಮಕೂರು ಜಿಲ್ಲೆಯಲ್ಲೇ ಇತ್ತು.

ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಸಿದ್ದಪ್ಪನವರು ನೆಟ್ಟಿದ್ದ ಹಲಸಿನ ಮರವದು. ತೊಳೆ ತಾಮ್ರಗೆಂಪು; ಹಣ್ಣು ಸುಮಾರು ಎರಡೂವರೆ ಕಿಲೋ, ಪುಟ್ಟ ಸಂಸಾರಕ್ಕೆ ಹೇಳಿ ಮಾಡಿಸಿದಂತೆ. ವರ್ಷಗಟ್ಟಲೆ ಅದರ ಹಣ್ಣು ನೆಂಟರಿಷ್ಟರಿಗೆ ಸಲ್ಲುತ್ತಿತ್ತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಹಿರೇಹಳ್ಳಿ ಕೇಂದ್ರದ ವಿಜ್ಞಾನಿಗಳು ಅದರ ಗುಣ ಪರೀಕ್ಷಿಸಿದರು. 2017ರಲ್ಲಿ ಸಿದ್ದಪ್ಪನವರ ಮಗ ಪರಮೇಶ ಅವರೊಡನೆ ಒಪ್ಪಂದವಾಯಿತು: ಕಸಿ ಗಿಡ ಮಾರಿದ ಹಣದಲ್ಲಿ ಮುಕ್ಕಾಲು ಪಾಲು ರೈತನಿಗೆ. ತಂದೆಯ ನೆನಪಿಗೆ ತಳಿಯ ಹೆಸರು ‘ಸಿದ್ದು’ ಎಂದಾಯಿತು.

ಸೇಬಿಗೂ ಹಲಸಿಗೂ ಒಂದು ಸಾಮ್ಯವಿದೆ. ಬೀಜದಿಂದ ಹುಟ್ಟಿದ ಗಿಡ ತಾಯಿಯನ್ನು ಹೋಲಬೇಕೆಂದಿಲ್ಲ; ಗುಣ ಉಳಿಯಬೇಕಾದರೆ ಕಸಿಯೇ ಆಗಬೇಕು. ಎಂದರೆ ಪ್ರತಿ ಹಿತ್ತಲಿನ ಹಲಸೂ ಬೇರೆಯದೇ. ಕಸಿ ಮಾಡುವ ಮೊದಲೇ ಕಡಿದರೆ ಆ ರುಚಿ ಮತ್ತೆ ಸಿಗದು. ಅಜ್ಜ ನೆಟ್ಟ ಮರವನ್ನು ನಾಟಾ ವ್ಯಾಪಾರಿಗೆ ತೋರಿಸುವ ಮುನ್ನ ಅದರ ಒಂದು ಹಣ್ಣನ್ನು ತೋಟಗಾರಿಕೆಯ ಬಲ್ಲವರಿಗೆ ತೋರಿಸುವುದು ಒಳ್ಳೆಯದು.