ಠಾಣೆಗೂ ಮೂರು ಪಾಳಿ ಬೇಕು

(ಗಿರಣಿ ಕೆಲಸಗಾರರು ಮತ್ತು ಅಂಗಡಿಕಾರರ ಸಭೆಯಲ್ಲಿ ಮಾಡಿದ ಭಾಷಣ)



ಪೋಲೀಸರ ಪರವಾಗಿ ಮಾತನಾಡಲು ನಮ್ಮ ಪಕ್ಷದವರು ಎದ್ದು ನಿಂತರೆ ನಿಮಗೆ ನಗು ಬರುವುದು ಸಹಜ. ಗಿರಣಿಯ ಬಾಗಿಲಲ್ಲಿ ಲಾಠಿಯ ರುಚಿ ಕಂಡವರು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ಸಂತೆಯ ದಿನ ತಕ್ಕಡಿಯ ಪಕ್ಕದಲ್ಲಿ ಚಾಚಿದ ಕೈಯನ್ನು ಕಂಡ ಅಂಗಡಿಕಾರರೂ ಇದ್ದಾರೆ. ಅದೊಂದನ್ನೂ ನಾವು ಮರೆತಿಲ್ಲ. ಆದಾಗ್ಯೂ ಆ ಲಾಠಿ ಹಿಡಿದವನು ದಿನಕ್ಕೆ ಎಷ್ಟು ಗಂಟೆ ದುಡಿಯುತ್ತಾನೆಂಬುದನ್ನು ಇಂದು ಲೆಕ್ಕ ಹಾಕಬೇಕಾಗಿದೆ.

ಮುಂಬಯಿಯನ್ನೇ ನೋಡೋಣ. ಗಿರಣಿಗಳಿದ್ದ ಹಳೆಯ ನಗರದಲ್ಲಿ 2001ರಲ್ಲಿ 33 ಲಕ್ಷಕ್ಕೂ ಮೇಲಿದ್ದ ಜನ 2011ರ ಗಣತಿಗೆ 31 ಲಕ್ಷಕ್ಕೂ ಕೆಳಗಿಳಿದರು. ಅದೇ ಹತ್ತು ವರ್ಷದಲ್ಲಿ ಉಪನಗರ ಜಿಲ್ಲೆ 86 ಲಕ್ಷದಿಂದ 93 ಲಕ್ಷವನ್ನು ದಾಟಿತು. ಜನ ಹೋದಲ್ಲಿಗೆ ಅಪಘಾತ, ಬೀಗ ಮುರಿದ ಅಂಗಡಿ, ಕಾಣೆಯಾದ ಮಗು, ಬಾಡಿಗೆಯ ಜಗಳ, ಎಲ್ಲವೂ ಹೋಗುತ್ತವೆ. ಮಂಜೂರಾದ ಪೋಲೀಸರ ಸಂಖ್ಯೆ ಮಾತ್ರ ಸರ್ಕಾರದ ಕಡತದ ನಡಿಗೆಯಲ್ಲಿ ಹಿಂದಿನಿಂದ ಬರುತ್ತದೆ.

ಆ ಉಪನಗರದ ಪೂರ್ವಭಾಗದಲ್ಲಿ ದೇವನಾರವೆಂಬ ಜಾಗವಿದೆ. ಕಸಾಯಿಖಾನೆಯೂ ನಗರದ ಕಸದ ಗುಡ್ಡವೂ ಇರುವ ಪ್ರದೇಶ. 2016ರ ಮೇ ತಿಂಗಳಲ್ಲಿ ಅಲ್ಲಿಯ ಠಾಣೆಯಲ್ಲಿ 12 ಗಂಟೆಯ ದುಡಿಮೆಯನ್ನು ಬಿಟ್ಟು 8 ಗಂಟೆಯ ಪಾಳಿಯನ್ನು ಪರೀಕ್ಷಿಸಿದರು. ಯೋಜನೆಯನ್ನು ಬರೆದುಕೊಟ್ಟವನು ಅದೇ ಠಾಣೆಯ ಒಬ್ಬ ಕಾನ್‌ಸ್ಟೇಬಲ್. ಆಗಿನ ಕಮಿಷನರ್ ದತ್ತಾ ಪಡಸಲಗೀಕರ್ ಅದನ್ನು ಕಸದ ಬುಟ್ಟಿಗೆ ಹಾಕದೆ ಒಪ್ಪಿಕೊಂಡರು. ಮೇಲಿನವರಲ್ಲಿ ಇದು ಅಪರೂಪ. ಆದುದರಿಂದ ಹೆಸರು ಹೇಳಿದೆವು. ಮುಂದೆ ನಗರದ ಇತರ ಠಾಣೆಗಳಿಗೂ ಇದು ಹಬ್ಬಿತು.

ಆದರೆ ಪಾಳಿಯ ಲೆಕ್ಕ ನಿಮಗೆ ಯಾರೂ ಕಲಿಸಬೇಕಾಗಿಲ್ಲ. 120 ಮಂದಿಯನ್ನು ಎರಡು ಪಾಳಿಗೆ ಹಂಚಿದರೆ ಪಾಳಿಗೆ 60. ಮೂರಕ್ಕೆ ಹಂಚಿದರೆ 40. ಹೊಸಬರನ್ನು ತೆಗೆದುಕೊಳ್ಳದಿದ್ದರೆ ಬೀದಿಯಲ್ಲಿ 20 ಮಂದಿ ಕಡಮೆ. ಇನ್ನೊಂದು ಲೆಕ್ಕ: ವಾರಕ್ಕೆ 168 ಗಂಟೆ. ಒಬ್ಬನಿಗೆ 48 ಗಂಟೆಯ ಮಿತಿ ಹಾಕಿದರೆ ಹಗಲಿರುಳು ಒಂದು ಜಾಗದಲ್ಲಿ ಒಬ್ಬ ನಿಂತಿರಲು ಮೂರೂವರೆ ಆಳು ಬೇಕು. ಜ್ವರ, ಮದುವೆ, ಕೋರ್ಟಿನ ಸಾಕ್ಷಿ ಸೇರಿದರೆ ನಾಲ್ಕೂ ಸಾಲದು. ಗಿರಣಿಯಲ್ಲಿ ಇದಕ್ಕೇ ಬದಲಿ ಕೆಲಸಗಾರರನ್ನಿಡುತ್ತಾರೆ. ಠಾಣೆಯಲ್ಲಿ ಬದಲಿಯಿಲ್ಲ, ಇದ್ದವನೇ ಎರಡು ಪಾಳಿ ಎಳೆಯಬೇಕು. ಮಂತ್ರಿಗಳ ಸವಾರಿ ಬಂದರೆ ಅವನೂ ಬಂದೋಬಸ್ತಿಗೆ ಹೋದ.

ಇದು ನಮ್ಮ ಊಹೆಯಲ್ಲ. ಕೇಂದ್ರ ಸರ್ಕಾರದ ಪೋಲೀಸ್ ಸಂಶೋಧನಾ ಸಂಸ್ಥೆಯೇ 2014ರಲ್ಲಿ ಹೊರಡಿಸಿದ ವರದಿಯ ಪ್ರಕಾರ ಠಾಣೆಗಳ ಸಿಬ್ಬಂದಿಯಲ್ಲಿ ನೂರಕ್ಕೆ 90ರಷ್ಟು ಜನ ದಿನಕ್ಕೆ 8 ಗಂಟೆ ಮೀರಿ ದುಡಿಯುತ್ತಾರೆ. ನೂರಕ್ಕೆ 70ಕ್ಕೂ ಹೆಚ್ಚು ಮಂದಿಗೆ ತಿಂಗಳಿಗೆ ಒಂದು ವಾರದ ರಜೆಯೂ ಸಿಗುವುದಿಲ್ಲ. ಇಂಥವನ ಮುಂದೆ ರಾತ್ರಿ ಹನ್ನೊಂದಕ್ಕೆ ಕಿರಾಣಿ ಅಂಗಡಿಯವನು ಕಳ್ಳತನದ ದೂರು ಹಿಡಿದು ನಿಂತರೆ "ನಾಳೆ ಬಾ" ಎನ್ನದೆ ಮತ್ತೇನೆಂದಾನು? ಲಂಚಕ್ಕೆ ಇದು ಸಮಜಾಯಿಷಿಯೆಂದು ನಾವು ಹೇಳುತ್ತಿಲ್ಲ.

ಹಾಗಾದರೆ ಅವರೇ ಏಕೆ ಕೇಳುವುದಿಲ್ಲ? ಕೇಳಿದ್ದರು. 1982ರ ಜನವರಿ 18ರಂದು ಮುಂಬಯಿಯ ಗಿರಣಿ ಮುಷ್ಕರ ಆರಂಭವಾಯಿತು. ಅದೇ ವರ್ಷ ಆಗಸ್ಟ್ 18ರಂದು ಆ ನಗರದ ಪೋಲೀಸರೇ ಬಂಡೆದ್ದರು. ಮುಷ್ಕರದಲ್ಲಿದ್ದ ಗಿರಣಿ ಕೆಲಸಗಾರರೂ ಅವರೊಡನೆ ಬೀದಿಗಿಳಿದರು. ಸರ್ಕಾರ ಸೈನ್ಯವನ್ನು ಕರೆಸಿತು, ಪೋಲೀಸರ ಸಂಘದ ಮಾನ್ಯತೆಯನ್ನು ಕಿತ್ತುಕೊಂಡಿತು. 1966ರ ಕೇಂದ್ರ ಕಾಯ್ದೆಯಂತೆ ಅಪ್ಪಣೆಯಿಲ್ಲದೆ ಪೋಲೀಸರು ಸಂಘ ಸೇರುವಂತಿಲ್ಲ. ನಮ್ಮ ಕರ್ನಾಟಕದಲ್ಲಿ 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕಲು ಅವರು ಹೊರಟಾಗ ಸರ್ಕಾರ ಎಸ್ಮಾ ಕಾಯ್ದೆಯನ್ನು ಮುಂದೆ ಹಿಡಿಯಿತು. ಔರಾದ್ಕರ್ ಸಮಿತಿಯ ವರದಿಯ ಮೇಲೆ 2019ರಲ್ಲಿ ಸಂಬಳ ಒಂದಿಷ್ಟು ಏರಿತು. ಗಂಟೆಯ ಪ್ರಶ್ನೆಯನ್ನು ಸಂಬಳದಿಂದ ಮುಚ್ಚಲಾಗದು.

ಸಂಘ ಕಟ್ಟಲಾರದವರ ಪರವಾಗಿ ಸಂಘವಿರುವ ನಾವೇ ಕೇಳಬೇಕು. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ. ನಮ್ಮ ಊರಿನ ಪ್ರತಿ ಠಾಣೆಗೆ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದೆಷ್ಟು, ಅದರಲ್ಲಿ ಬೇರೆಡೆಯ ಕೆಲಸಕ್ಕೆ ಕಳುಹಿಸಿರುವವರೆಷ್ಟು, ಕಳೆದ ವರ್ಷ ವಾರದ ರಜೆ ಕೊಟ್ಟದ್ದೆಷ್ಟು ಎಂದು ನಾಲ್ಕು ಪ್ರಶ್ನೆ ಬರೆದು ತಂದಿದ್ದೇವೆ. ಸಹಿ ಹಾಕುವವರು ಸಭೆ ಮುಗಿದೊಡನೆ ಮೇಜಿನ ಬಳಿಗೆ ಬರಬೇಕು.