ಗಾಳ ಹಾಕುವ ಮುಂಚೆ

(ಕಲಿಕಾ ಕೇಂದ್ರದ ಸಂಜೆ ಕೂಟದಲ್ಲಿ ಆಡಿದ ಮಾತು)



ಹೋದ ವರ್ಷ ನಮ್ಮ ಕೆರೆ ಕೋಡಿ ಬಿತ್ತು. ನಿಮಗೆಲ್ಲ ನೆನಪಿದೆ. ಅವತ್ತು ಸಂಜೆ ನಾವು ಸೀಮೆಸುಣ್ಣ, ಹಾಜರಿ ಪುಸ್ತಕ ಹಿಡಿದು ಕೇಂದ್ರಕ್ಕೆ ಬಂದೆವು. ಒಬ್ಬರೂ ಇಲ್ಲ. ದೀಪ ಹಾಕಿ ಕಾದೆವು. ಆಮೇಲೆ ಒಂದು ಮಗು ಬಂದು ಹೇಳಿತು: "ಟೀಚರ್, ಎಲ್ಲಾ ಕೆರೆ ಏರಿ ಮೇಲವ್ರೆ. ಗಾಳ ಹಾಕ್ತಾವ್ರೆ."

ನಮಗೆ ಕೋಪ ಬಂತು. ಸುಳ್ಳು ಯಾಕೆ ಹೇಳಬೇಕು? ಏರಿ ಮೇಲೆ ಹೋಗಿ ನೋಡಿದರೆ ಇಡೀ ತರಗತಿ ಸಾಲಾಗಿ ಕೂತಿತ್ತು. ತರಗತಿಯಲ್ಲಿ ಅಷ್ಟು ಶಿಸ್ತಾಗಿ ನೀವು ಯಾವತ್ತೂ ಕೂತವರಲ್ಲ. ಆಗ ನಿಮ್ಮಲ್ಲೇ ಒಬ್ಬರು ಹೇಳಿದಿರಿ: "ದಿನಾ ನೀವು ಹೇಳಿಕೊಡ್ತೀರಿ ಟೀಚರಮ್ಮ. ಇವತ್ತು ನಾವು ಹೇಳಿಕೊಡ್ತೀವಿ, ಕೂತ್ಕೊಳ್ಳಿ."

ಕೂತೆವು. ಒಂದು ವರ್ಷದಿಂದ ಕಲಿಯುತ್ತಾ ಇದ್ದೇವೆ. ನೀವು ಹೇಳಿಕೊಟ್ಟಿದ್ದು ಕೆಲವು, ನಾವು ಪುಸ್ತಕದಲ್ಲಿ ಓದಿದ್ದು ಕೆಲವು, ನಾವು ತಪ್ಪು ಮಾಡಿ ತಿಳಿದದ್ದು ಒಂದು. ಎಲ್ಲ ಸೇರಿಸಿ ಇವತ್ತು ಹೇಳುತ್ತೇವೆ.

ಮೊದಲು ಸಾಮಾನು. ಬಿದಿರು ಕೋಲು ಹಳ್ಳದ ಬದಿಯಲ್ಲೇ ಸಿಗುತ್ತದೆ. ತಂಗೂಸಿ ದಾರ, ಗಾಳದ ಮುಳ್ಳು, ಸೀಸದ ಗುಂಡು ಸಂತೆಯಲ್ಲಿ ಸಿಗುತ್ತವೆ. ಬೆಂಡಿಗೆ ಒಣಗಿದ ಜೋಳದ ದಂಟಿನ ತುಂಡು ಸಾಕು. ದಾರ ಕೋಲಿನಷ್ಟೇ ಉದ್ದ ಇರಲಿ. ಅದಕ್ಕಿಂತ ಉದ್ದವಾದರೆ ಬೀಸುವಾಗ ಪಕ್ಕದವರ ಸೆರಗಿಗೆ ಸಿಕ್ಕಿಕೊಳ್ಳುತ್ತದೆ. ನಮ್ಮದು ಎರಡು ಸಲ ಸಿಕ್ಕಿಕೊಂಡಿದೆ.

ಮುಳ್ಳಿನ ಪೊಟ್ಟಣದ ಮೇಲೆ ಒಂದು ನಂಬರು ಇರುತ್ತದೆ. ಈಗ ನೀವು ಅಂಕಿ ಓದುತ್ತೀರಿ. ಓದಿಯೇ ಕೊಳ್ಳಿ. ಆದರೆ ಇಲ್ಲಿ ಲೆಕ್ಕ ಉಲ್ಟಾ. 12 ಅಂತ ಇದ್ದರೆ ಮುಳ್ಳು ಚಿಕ್ಕದು. 6 ಅಂತ ಇದ್ದರೆ ದೊಡ್ಡದು. ಜಿಲೇಬಿ ಮೀನಿನ ಬಾಯಿ ಚಿಕ್ಕದು, ಅದಕ್ಕೆ 12 ಆಗುತ್ತದೆ. ಅಂಗಡಿಯವನು ಕೊಟ್ಟದ್ದನ್ನೇ ತಂದು, ಮೀನು ಕಚ್ಚಲಿಲ್ಲ ಅಂತ ಕೆರೆಯನ್ನು ಬೈಯುವುದು ಬೇಡ.

ಸೀಸದ ಗುಂಡನ್ನು ಹಲ್ಲಲ್ಲಿ ಕಚ್ಚಿ ದಾರಕ್ಕೆ ಬಿಗಿಯುವವರು ಇದ್ದಾರೆ. ಹಾಗೆ ಮಾಡಬೇಡಿ. ಸೀಸ ವಿಷ. ಮಕ್ಕಳ ಬುದ್ಧಿ ಬೆಳವಣಿಗೆಗೇ ಅದು ಕೆಡುಕು. ಕಲ್ಲಿನಿಂದ ಜಜ್ಜಿ ಬಿಗಿಯಿರಿ. ಕೈ ತೊಳೆದುಕೊಂಡು ಆಮೇಲೆ ಎಲೆ ಅಡಿಕೆ ಹಾಕಿಕೊಳ್ಳಿ.

ಇನ್ನು ಮೀನು ಎಲ್ಲಿ ಇರುತ್ತದೆ? ಕೆರೆ ದೊಡ್ಡದು. ಎಲ್ಲಾ ಕಡೆ ಒಂದೇ ಮೀನು ಇರುವುದಿಲ್ಲ. ನಮ್ಮೂರಲ್ಲಿ ಮೇಲಿನ ಕೇರಿ, ಕೆಳಗಿನ ಕೇರಿ ಇಲ್ಲವೇ? ಹಾಗೆಯೇ. ಕಾಟ್ಲಾ ಮೇಲಿನ ನೀರಿನಲ್ಲಿ ತಿನ್ನುತ್ತದೆ. ಅದರ ಬಾಯಿಯೇ ಮೇಲಕ್ಕೆ ತಿರುಗಿದೆ, ನೋಡಿ. ರೋಹು ನಡುನೀರಿನಲ್ಲಿ ಇರುತ್ತದೆ. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದ ಕೆಸರು ಕೆದಕುತ್ತವೆ. ಗೆಂಡೆ ಕೆದಕುವ ಕಡೆ ನೀರಿನ ಮೇಲೆ ಸಣ್ಣ ಗುಳ್ಳೆ ಏಳುತ್ತವೆ. ಅಲ್ಲಿಗೆ ರಾಗಿ ಮುದ್ದೆಯ ಉಂಡೆ ಹಾಕಿ. ಗಟ್ಟಿಯಾಗಿ ಕಲಸಿದ್ದು ಇರಲಿ. ಗೆಂಡೆ ಗಬಕ್ಕನೆ ನುಂಗುವುದಿಲ್ಲ. ಬಾಯಿಗೆ ಎಳೆದುಕೊಂಡು ಉಗುಳಿ ನೋಡುತ್ತದೆ. ಬೆಂಡು ಅಲ್ಲಾಡಿದ ಕೂಡಲೇ ಎಳೆಯಬೇಡಿ. ಬೆಂಡು ಓರೆಯಾಗಿ ಜಾರಿಕೊಂಡು ಹೋಗುವಾಗ ಎಳೆಯಿರಿ.

ಜಿಲೇಬಿ ಹಾಗಲ್ಲ. ಎರೆಹುಳು ಹಾಕಿದರೆ ಸಾಕು, ಹಗಲೆಲ್ಲ ಕಚ್ಚುತ್ತದೆ. ಇದು ಆಫ್ರಿಕಾ ಕಡೆಯ ಮೀನು. 1952ರಲ್ಲಿ ನಮ್ಮ ದೇಶಕ್ಕೆ ತಂದರು. ಈಗ ಎಲ್ಲಾ ಕೆರೆಯಲ್ಲೂ ಅದರದೇ ಸಂಸಾರ. ತಾಯಿ ಮೀನು ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಅಷ್ಟು ದಿನ ಸರಿಯಾಗಿ ತಿನ್ನುವುದೂ ಇಲ್ಲ. ಇದನ್ನು ಹೇಳಿದಾಗ ಒಬ್ಬ ಅಜ್ಜಿ, "ಹೆತ್ತೋರ ಪಾಡು ನೀರೊಳಗೂ ಅದೇಯಾ?" ಅಂದರು. ಎಲ್ಲರೂ ನಕ್ಕೆವು. ಮನೆ ಸಾರಿಗೆ ಜಿಲೇಬಿ ಎಷ್ಟು ಬೇಕಾದರೂ ಹಿಡಿಯಿರಿ. ಕೆರೆಗೆ ಅದರಿಂದ ನಷ್ಟ ಇಲ್ಲ.

ಈಗ ಕೊರವ ಮೀನಿನ ವಿಚಾರ. ಇವತ್ತು ನಾವು ಮಾತಾಡಲು ನಿಂತದ್ದೇ ಇದಕ್ಕೆ.

ಕೊರವವನ್ನು ಕೆಲವು ಕಡೆ ಕೊರಮೀನು ಅನ್ನುತ್ತಾರೆ. ತುಳು ಸೀಮೆಯಲ್ಲಿ ಮಡೆಂಜಿ ಅನ್ನುತ್ತಾರೆ. ತಲೆ ಹಾವಿನ ತಲೆ ಥರ, ಮೈ ಉದ್ದ. ಮುಳ್ಳು ಕಡಿಮೆ, ರುಚಿ ಜಾಸ್ತಿ. ಬಾಣಂತಿಗೆ, ಆಪರೇಷನ್ ಆದವರಿಗೆ ಹುಡುಕಿ ತಂದು ಕೊಡುತ್ತಾರೆ. ಜೀವಂತ ಕೊರವಕ್ಕೆ ಸಂತೆಯಲ್ಲಿ ಕಾಟ್ಲಾಗಿಂತ ಹೆಚ್ಚು ಬೆಲೆ. ಸತ್ತರೆ ಬೆಲೆ ಇಳಿಯುತ್ತದೆ. ಇದು ನೀರಿನಿಂದ ತೆಗೆದರೂ ಬೇಗ ಸಾಯುವುದಿಲ್ಲ. ಗಾಳಿಯನ್ನೇ ಉಸಿರಾಡುತ್ತದೆ. ಒದ್ದೆ ಗೋಣಿಚೀಲದಲ್ಲಿ ಗಂಟೆಗಟ್ಟಲೆ ಬದುಕಿರುತ್ತದೆ. ಬಿಂದಿಗೆಯಲ್ಲಿ ಇಟ್ಟರೆ ಮೇಲೆ ತಟ್ಟೆ ಮುಚ್ಚಿ ಕಲ್ಲು ಇಡಿ. ಇಲ್ಲದಿದ್ದರೆ ಹಾರಿ ಹೋಗುತ್ತದೆ.

ಗಾಳಿ ಕುಡಿಯಲು ಅದು ಆಗಾಗ ಮೇಲೆ ಬರಲೇಬೇಕು. ಹಾಗಾಗಿ ಅದು ಇರುವ ಜಾಗ ತಾನೇ ತೋರಿಸಿಕೊಡುತ್ತದೆ. ಜೊಂಡಿನ ಪಕ್ಕ, ತಾವರೆ ಎಲೆಯ ಅಡಿ, ಮುಳುಗಿದ ಜಾಲಿ ಮರದ ಬುಡ. ಬೆಳಗಿನ ಜಾವ, ಸಂಜೆ ದೀಪ ಹಚ್ಚುವ ಹೊತ್ತು ಒಳ್ಳೆಯದು. ಸದ್ದು ಮಾಡಬಾರದು. ದಡದ ಮೇಲೆ ದಬದಬ ನಡೆದರೆ ಅದಕ್ಕೆ ಗೊತ್ತಾಗುತ್ತದೆ. ನೆರಳು ನೀರಿನ ಮೇಲೆ ಬೀಳದ ಹಾಗೆ ಕೂತುಕೊಳ್ಳಿ.

ಇದು ಬೇಟೆಗಾರ ಮೀನು. ಅಲ್ಲಾಡುವುದನ್ನು ಹಿಡಿಯುತ್ತದೆ. ಸಣ್ಣ ಮೀನನ್ನು ಮುಳ್ಳಿಗೆ ಸಿಕ್ಕಿಸಿ ಎಲೆಗಳ ನಡುವೆ ಮೆಲ್ಲಗೆ ಆಡಿಸಿ. ಹಿಂದೆ ಕಪ್ಪೆ ಕಟ್ಟುತ್ತಿದ್ದರು. ಅದು ಬೇಡ. ಗದ್ದೆಯ ಹುಳ ತಿನ್ನುವುದು ಕಪ್ಪೆಯೇ. ಕಪ್ಪೆ ಕಾಲನ್ನು ಹೊರದೇಶಕ್ಕೆ ಮಾರುವುದನ್ನೇ ಸರ್ಕಾರ 1987ರಲ್ಲಿ ನಿಲ್ಲಿಸಿತು. ನಿಮ್ಮಲ್ಲಿ ಒಬ್ಬರು ಹಳೇ ರವಿಕೆ ಬಟ್ಟೆಯಲ್ಲಿ ಕಪ್ಪೆಯಂಥ ಗಂಟು ಕಟ್ಟಿ, ಎಲೆ ಮೇಲೆ ಕುಣಿಸಿ ಕೊರವ ಹಿಡಿದಿದ್ದೀರಿ. ಪೇಟೆಯಲ್ಲಿ ರಬ್ಬರ್ ಕಪ್ಪೆ ದುಡ್ಡು ಕೊಟ್ಟು ತರುತ್ತಾರೆ. ಇದಕ್ಕೆ ಖರ್ಚೇ ಇಲ್ಲ.

ಕೊರವ ಬಾಯಿ ಹಾಕಿದರೆ ನೀರು ಧಡ್ ಅನ್ನುತ್ತದೆ. ಎದೆ ಹಾರುತ್ತದೆ. ಕೈ ತಾನಾಗಿ ಎಳೆಯುತ್ತದೆ. ತಡೆಯಿರಿ. ಒಂದು, ಎರಡು, ಮೂರು ಎಣಿಸಿ. ಅದು ತಿರುಗಿಕೊಂಡು ನುಂಗುವಷ್ಟು ಹೊತ್ತು ಬೇಕು. ಆಮೇಲೆ ಜಗ್ಗಿ. ಜಗ್ಗಿದ ಮೇಲೆ ನಿಲ್ಲಿಸಬೇಡಿ. ಸಡಿಲ ಬಿಟ್ಟರೆ ಜೊಂಡಿಗೆ ಸುತ್ತಿಕೊಳ್ಳುತ್ತದೆ.

ಈಗ ನಾವು ಮಾಡಿದ ತಪ್ಪು ಹೇಳುತ್ತೇವೆ.

ಆರಿದ್ರಾ ಮಳೆ ಕಾಲ. ತೂಬಿನ ಆಚೆ ಒಂದು ಕಡೆ ನೀರು ಕೆಂಪಗೆ ಕುದಿಯುವ ಹಾಗೆ ಕಂಡಿತು. ಅಂಗೈ ಅಗಲದ ಕೆಂಪು ಮೋಡ, ಮುಳುಗುತ್ತದೆ, ಏಳುತ್ತದೆ. ನಮಗೆ ಏನು ಅಂತ ತಿಳಿಯಲಿಲ್ಲ. ಅದರ ಮೇಲೆ ಬಟ್ಟೆ ಕಪ್ಪೆ ಬೀಸಿದೆವು. ಬಿದ್ದ ಕ್ಷಣಕ್ಕೇ ಧಡ್ ಅಂತ ಕೊರವ ಬಂತು. ಒಂದೂವರೆ ಕಿಲೋ ಇತ್ತು. ನಮಗೆ ಸಿಕ್ಕ ಮೊದಲ ಕೊರವ. ನಾವು ಕುಣಿದೇ ಬಿಟ್ಟೆವು.

ಪಕ್ಕದಲ್ಲಿ ಕೂತಿದ್ದ ಅಜ್ಜಿ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಅದು ಮರಿ ಕಾಯ್ತಾ ಇತ್ತು ಕಣಮ್ಮ" ಅಂದರು.

ಆ ಕೆಂಪು ಮೋಡವೇ ಕೊರವದ ಮರಿ. ಮೊಟ್ಟೆ ಒಡೆದ ಮೇಲೂ ಹೆತ್ತ ಮೀನು ವಾರಗಟ್ಟಲೆ ಮರಿ ಬಿಟ್ಟು ಹೋಗುವುದಿಲ್ಲ. ಮರಿಗಳ ಕೆಳಗೇ ಇರುತ್ತದೆ. ಮೇಲೆ ಏನು ಬಿದ್ದರೂ ಏರಿ ಹೋಗುತ್ತದೆ. ಅದು ನಮ್ಮ ಗಾಳ ಕಚ್ಚಿದ್ದು ಹಸಿವಿಗಲ್ಲ.

ಮೀನು ಆಗಲೇ ಸತ್ತುಹೋಗಿತ್ತು. ನಾವು ಅದನ್ನು ಕಲ್ಲಿನ ಮೇಲೆ ಬಡಿದಿದ್ದೆವು. ಮರುದಿನ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಹೋಗಿ ನೋಡಿದೆವು. ಕೆಂಪು ಮೋಡ ಒಡೆದು ಚೂರುಚೂರಾಗಿತ್ತು. ಜಿಲೇಬಿಗಳು ಸುತ್ತ ಮುತ್ತಿದ್ದವು. ಮೂರನೇ ದಿನ ಅಲ್ಲಿ ಏನೂ ಇರಲಿಲ್ಲ.

ನೀವು ಕೇಳಬಹುದು, ಒಂದು ಮೀನು ಹೋದರೆ ಏನಂತೆ, ಇಲಾಖೆಯವರು ಮರಿ ತಂದು ಬಿಡುವುದಿಲ್ಲವೇ ಅಂತ. ಇಲ್ಲೇ ಒಂದು ವಿಷಯ ಇದೆ. ಕಾಟ್ಲಾ, ರೋಹು ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಅವಕ್ಕೆ ಹೊಳೆಯ ಹರಿಯುವ ನೀರು ಬೇಕು. 1957ರಲ್ಲಿ ಒರಿಸ್ಸಾದಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಮೀನಿಗೆ ಚುಚ್ಚುಮದ್ದು ಕೊಟ್ಟು ಮೊಟ್ಟೆ ಇಡಿಸಿದರು. ಅವತ್ತಿನಿಂದ ಮರಿ ಮಾಡುವುದು ಸುಲಭ ಆಯಿತು. ನಮ್ಮ ರಾಜ್ಯದಲ್ಲೂ ಭದ್ರಾ ಅಣೆಕಟ್ಟೆಯ ಹತ್ತಿರ ಬಿ.ಆರ್. ಪ್ರಾಜೆಕ್ಟಿನಲ್ಲಿ ಮೀನುಮರಿ ಮಾಡುವ ಕೇಂದ್ರ ಇದೆ. ಇಂಥ ಕಡೆಯಿಂದ ಮರಿ ತಂದು ಕೆರೆಗೆ ಬಿಡುತ್ತಾರೆ. ಆದರೆ ಅವರು ಬಿಡುವುದು ಕಾಟ್ಲಾ, ರೋಹು, ಗೆಂಡೆ. ನಮ್ಮ ಕೆರೆಗೆ ಕೊರವದ ಮರಿ ತಂದು ಬಿಟ್ಟದ್ದನ್ನು ನಾವು ಕಂಡಿಲ್ಲ. ಅಜ್ಜಿಯೂ ಕಂಡಿಲ್ಲ. ಅದು ತಾನೇ ಹುಟ್ಟಬೇಕು, ತಾನೇ ಬೆಳೆಯಬೇಕು. ಕಾಯುವ ಮೀನನ್ನು ನಾವು ಎತ್ತಿದರೆ ಅಲ್ಲಿಗೆ ಮುಗಿಯಿತು.

ಕೆಂಪು ಮರಿ ಕಂಡರೆ ಅಲ್ಲಿಂದ ಎದ್ದು ಬೇರೆ ಕಡೆ ಕೂತುಕೊಳ್ಳಿ. ತಿಳಿಯದೆ ಕಚ್ಚಿಬಿಟ್ಟರೆ ಕೈ ಒದ್ದೆ ಮಾಡಿಕೊಂಡು ಮುಳ್ಳು ಬಿಡಿಸಿ ಅದೇ ಜಾಗಕ್ಕೆ ಬಿಡಿ. ಗಟ್ಟಿ ಜೀವ, ಬದುಕುತ್ತದೆ.

ಇನ್ನೊಂದು ಮಾತು. ಗಾಳಕ್ಕೆ ದಿನಕ್ಕೆ 20 ರೂಪಾಯಿ ಕೊಡಿ ಅಂತ ಒಬ್ಬರು ಏರಿ ಮೇಲೆ ನಿಂತು ವಸೂಲಿ ಮಾಡುತ್ತಿದ್ದರು. ಕೊಡದ ಒಬ್ಬ ಅಕ್ಕನ ಕೋಲು ಮುರಿದು ಹಾಕಿದರು. ಕೆರೆ ಗುತ್ತಿಗೆ ನನ್ನದು ಅಂದರು. ನೀವು ನಾಲ್ಕು ಜನ ಪಂಚಾಯಿತಿಗೆ ಹೋಗಿ ಗುತ್ತಿಗೆ ಕಾಗದದ ನಕಲು ಕೇಳಿ ತಂದಿರಿ. ನಾವು ಓದಿ ಹೇಳುತ್ತೇವೆ ಅಂತ ಕೈ ಚಾಚಿದೆವು. ಕೋಲು ಮುರಿಸಿಕೊಂಡ ಅಕ್ಕ ಕೊಡಲಿಲ್ಲ. ಬೆರಳಿಟ್ಟು ತಾವೇ ಓದಿದರು. ತುಂಬಾ ಹೊತ್ತು ಹಿಡಿಯಿತು. ಕೊನೆಯ ತಾರೀಕಿಗೆ ಬಂದಾಗ ನಿಲ್ಲಿಸಿದರು. ಗುತ್ತಿಗೆ ಮುಗಿದು ಎರಡು ತಿಂಗಳಾಗಿತ್ತು.

ಆ ಮನುಷ್ಯ ಈಗ ಏರಿ ಮೇಲೆ ಬರುವುದಿಲ್ಲ. ಆದರೆ ನ್ಯಾಯವನ್ನೂ ಹೇಳಬೇಕು. ಗುತ್ತಿಗೆ ನಡೆಯುತ್ತಿದ್ದರೆ, ದುಡ್ಡು ಹಾಕಿ ಮರಿ ಬಿಟ್ಟವರ ಮೀನು ಅದು. ಆಗ ಕೇಳಿಯೇ ಹಿಡಿಯಬೇಕು. ಹೊಸ ಹರಾಜಿನಲ್ಲಿ ಮನೆ ಸಾರಿಗೆ ಗಾಳ ಹಾಕಲು ಹೆಂಗಸರಿಗೆ ಅವಕಾಶ ಇರಲಿ ಅಂತ ನಾವೆಲ್ಲ ಸಹಿ ಮಾಡಿ ಅರ್ಜಿ ಕೊಟ್ಟಿದ್ದೇವೆ. ಇನ್ನೂ ಉತ್ತರ ಬಂದಿಲ್ಲ.

ಜೀವದ ವಿಚಾರ ಬೇಗ ಹೇಳಿಬಿಡುತ್ತೇವೆ, ಕತ್ತಲಾಯಿತು. ಕೆರೆಯ ಮಣ್ಣು ತೆಗೆದ ಗುಂಡಿಗಳು ಈಗ ನೀರಿನ ಅಡಿ ಇವೆ. ಮೊಣಕಾಲು ನೀರು ಅಂತ ಹೆಜ್ಜೆ ಇಟ್ಟರೆ ಮುಂದಿನ ಹೆಜ್ಜೆಗೆ ಆಳ. ಗಾಳ ಸಿಕ್ಕಿಕೊಂಡರೆ ದಾರ ಕಿತ್ತುಹಾಕಿ. ಐದು ರೂಪಾಯಿ ಮುಳ್ಳಿಗೆ ನೀರಿಗೆ ಇಳಿಯಬೇಡಿ. ಒಬ್ಬರೇ ಹೋಗಬೇಡಿ. ಯಾರಾದರೂ ಜಾರಿದರೆ ಹಿಂದೆ ಹಾರಬೇಡಿ, ಸೀರೆ ಬಿಚ್ಚಿ ಎಸೆಯಿರಿ. ನಾಚಿಕೆ ಆಮೇಲೆ. ಒದ್ದೆ ಬಿದಿರು ಕೋಲನ್ನು ಕರೆಂಟು ತಂತಿಯ ಕೆಳಗೆ ಎತ್ತಬೇಡಿ. ಚೇಳು ಮೀನು ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಿನಲ್ಲಿ ಕೈ ಇಡಿ, ಉರಿ ಇಳಿಯುತ್ತದೆ. ಊತ ಜಾಸ್ತಿಯಾದರೆ ಆಸ್ಪತ್ರೆಗೆ ಹೋಗಿ. ಹರಿದ ತಂಗೂಸಿ ದಾರ ಅಲ್ಲೇ ಬಿಸಾಡಬೇಡಿ, ಕೊಕ್ಕರೆ ಕಾಲಿಗೆ ಸುತ್ತಿಕೊಳ್ಳುತ್ತದೆ.

ನಿನ್ನೆ ಅಜ್ಜಿ ಬಂದು ಹೇಳಿದರು. ಈ ವರ್ಷವೂ ತೂಬಿನ ಆಚೆ, ಜೊಂಡಿನ ಹತ್ತಿರ, ಕೆಂಪು ಮರಿ ಕಂಡಿವೆಯಂತೆ. ನಾಳೆ ಬೆಳಿಗ್ಗೆ ಅಲ್ಲಿ ಒಂದು ಗೂಟ ನೆಡುತ್ತೇವೆ. ಹಲಗೆ ನಾವು ತಂದಿದ್ದೇವೆ, ಬಣ್ಣವೂ ಇದೆ. "ಇಲ್ಲಿ ಮರಿ ಇವೆ, ಗಾಳ ಹಾಕಬೇಡಿ" ಅಂತ ದೊಡ್ಡ ಅಕ್ಷರದಲ್ಲಿ ಬರೆಯಬೇಕು. ನಾವು ಬರೆಯುವುದಿಲ್ಲ. ನಿಮ್ಮಲ್ಲಿ ಯಾರು ಬರೆಯುತ್ತೀರಿ, ಮುಂದೆ ಬನ್ನಿ.